ಶಾಲಾ ವೋಚರ್‌ನಿಂದ ಮಕ್ಕಳಿಗೆ ಪ್ರಯೋಜನವಾಯಿತೇ ಎಂದು ಐದು ವರ್ಷದ ಮೇಲೆ ತಿಳಿಯುವುದು ಹೇಗೆ?

ಪುಣೆಯ ನಿಮ್ಮ ಕನ್ನಡ ಸಂಘ ಕೂಲಿ ಕುಟುಂಬಗಳ 60 ಮಕ್ಕಳಿಗೆ ಖಾಸಗಿ ಶಾಲೆಯ ಫೀಸಿನ ವೋಚರ್ ಕೊಡಲಿದೆ, ಅರ್ಜಿ 120 ಬಂದಿವೆ ಎಂದಿದ್ದೀರಿ. ಹಾಗಿದ್ದರೆ ಚೀಟಿ ಎತ್ತಿಯೇ ಕೊಡಿ. ಚೀಟಿ ಬಾರದ 60 ಮಕ್ಕಳ ಪಟ್ಟಿಯನ್ನು ಜೋಪಾನ ಮಾಡಿ, ಹೋಲಿಕೆಗೆ ಅವರೇ ಆಧಾರ. ಅರ್ಜಿಯನ್ನೇ ಹಾಕದ ಮನೆಯ ಮಕ್ಕಳ ಜೊತೆ ಹೋಲಿಸಿದರೆ, ವೋಚರಿನ ಫಲ ಯಾವುದು, ಅಪ್ಪ ಅಮ್ಮನ ಕಾಳಜಿಯ ಫಲ ಯಾವುದು ಎಂದು ಬಿಡಿಸಲಾಗದು. ಒಂದೇ ಮನೆಯ ಅಣ್ಣ ತಂಗಿಯರಿದ್ದರೆ ಮನೆಗೊಂದೇ ಚೀಟಿ.

ಚೀಟಿ ಎತ್ತುವ ಮೊದಲೇ 120 ಮಕ್ಕಳಿಗೂ ಓದು, ಲೆಕ್ಕದ ಪರೀಕ್ಷೆ ಮಾಡಿ. 60ಕ್ಕೆ 60 ಸಣ್ಣ ಸಂಖ್ಯೆ. ಮೊದಲ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅರ್ಧ ಮಾನಕ ವಿಚಲನೆಗಿಂತ (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಎಂಬ ಅಳತೆ) ಸಣ್ಣ ವ್ಯತ್ಯಾಸ ಸಿಗುವ ಭರವಸೆ ಇಲ್ಲ. ಎರಡು ಮೂರು ವರ್ಷದ ತಂಡಗಳನ್ನು ಕೂಡಿಸಿದರೆ ಒಳ್ಳೆಯದು.

ಹೆಚ್ಚಿನವರು ಎಡವುವುದು ಪರೀಕ್ಷೆಯ ಭಾಷೆಯಲ್ಲಿ. ಕನ್ನಡ ಅಥವಾ ಮರಾಠಿ ಮಾಧ್ಯಮ ಬಿಟ್ಟು ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗುವಿಗೆ ಇಂಗ್ಲಿಷಿನಲ್ಲೇ ಲೆಕ್ಕ ಕೊಟ್ಟರೆ ಒಂದು ಉತ್ತರ, ಮನೆಮಾತಿನಲ್ಲಿ ಕೊಟ್ಟರೆ ಇನ್ನೊಂದು. ಲೆಕ್ಕವನ್ನು ಬಾಯಲ್ಲಿ, ಮಗು ಬೇಕೆಂದ ಭಾಷೆಯಲ್ಲಿ ಕೊಡಿ. ಓದನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ನೋಡಿ. ಆಂಧ್ರದ 180 ಹಳ್ಳಿಗಳಲ್ಲಿ 2008ರಲ್ಲಿ ಶುರುವಾದ ಇಂಥದ್ದೇ ಶಾಲಾ ವೋಚರ್ ಪ್ರಯೋಗವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಅಧ್ಯಯನ ಮಾಡಿದರು. ನಾಲ್ಕು ವರ್ಷದ ಮೇಲೆ ತೆಲುಗು, ಗಣಿತದಲ್ಲಿ ವ್ಯತ್ಯಾಸ ಕಾಣಲಿಲ್ಲ, ಹಿಂದಿಯಲ್ಲಿ ವೋಚರ್ ಸಿಕ್ಕವರು ಮುಂದಿದ್ದರು. ಖಾಸಗಿ ಶಾಲೆಗಳು ತೆಲುಗು, ಗಣಿತಕ್ಕೆ ಕಡಿಮೆ ಹೊತ್ತು ಕೊಟ್ಟಿದ್ದವು. ಅಲ್ಲಿ ಮಗುವಿಗೆ ತಗಲುವ ಖರ್ಚೂ ಸರ್ಕಾರಿ ಶಾಲೆಯ ಮೂರನೇ ಒಂದು ಪಾಲಿಗಿಂತ ಕಡಿಮೆ. ಹಾಗಾಗಿ ಅಂಕಗಳ ಜೊತೆ ಶಾಲೆಯ ವೇಳಾಪಟ್ಟಿ, ಖರ್ಚು ಎರಡನ್ನೂ ಬರೆದಿಡಲೇಬೇಕು.

ವೋಚರ್ ಸಿಕ್ಕ 60ರಲ್ಲಿ 42 ಮಕ್ಕಳು ಮಾತ್ರ ಶಾಲೆಯಲ್ಲಿ ಉಳಿದರೂ ಹೋಲಿಕೆ ಪೂರ್ತಿ 60ರದ್ದೇ. ಬಿಟ್ಟವರನ್ನು ತೆಗೆದುಹಾಕಿದರೆ ಚೀಟಿ ಎತ್ತಿದ್ದೇ ವ್ಯರ್ಥ. ಚೀಟಿ ಬಾರದವರಲ್ಲಿ ಕೆಲವರಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ. 25ರ ಸೀಟು ಸಿಗಬಹುದು, ಅದನ್ನೂ ಗುರುತು ಮಾಡಿ.

ಪರೀಕ್ಷೆ ಫೆಬ್ರವರಿಯಲ್ಲಿಡಿ. ಮೇನಲ್ಲಿ ಊರಿಗೆ ಹೋದ ಕುಟುಂಬ ವಾಪಸ್ ಬಾರದೆಯೂ ಇರಬಹುದು. ಅರ್ಜಿಯಲ್ಲೇ ಊರಿನ ಇಬ್ಬರು ನೆಂಟರ ಫೋನ್ ನಂಬರ್ ಬರೆಸಿಕೊಳ್ಳಿ. ಕೈತಪ್ಪಿದ ಮಕ್ಕಳ ಮೊದಲ ಪರೀಕ್ಷೆಯ ಅಂಕಗಳನ್ನು ಎರಡೂ ಗುಂಪಿನಲ್ಲಿ ಹೋಲಿಸಿ. ಒಂದು ಗುಂಪಿನಿಂದ ಜಾಣರು, ಇನ್ನೊಂದರಿಂದ ಹಿಂದುಳಿದವರು ಜಾರಿದ್ದರೆ ಕೊನೆಯ ಅಂಕಿಯನ್ನು ಹಾಗೇ ಸಂಘದ ಸಭೆಯ ಮುಂದಿಡಬೇಡಿ.