'ಏಷ್ಯನ್' ಅಂತ ಒಂದು ಟಿಕ್ ಹಾಕಿದರೆ ಸಾಲದೆ?

ನೀವು ಕೇಳಿದ್ದು: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದಿದ್ದೀರಿ. ಕ್ಲಿನಿಕ್ಕಿನ ಫಾರಮ್ಮಿನಲ್ಲೂ ಮಗಳ ಯೂನಿವರ್ಸಿಟಿ ಅರ್ಜಿಯಲ್ಲೂ 'ಏಷ್ಯನ್' ಅಂದ ಮೇಲೂ ಚೈನೀಸಾ, ಫಿಲಿಪಿನೊನಾ, ಏಷ್ಯನ್ ಇಂಡಿಯನ್ನಾ ಅಂತ ಕೆದಕುತ್ತಾರೆ. ಇದೆಲ್ಲ ಯಾಕೆ, ತುಂಬಿದರೆ ಮಗಳ ಸೀಟಿಗೆ ಕುತ್ತು ಬರುತ್ತದಾ?

ಸೀಟಿನ ಚಿಂತೆ ಮೊದಲು ಮುಗಿಸಿಬಿಡೋಣ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಜನಾಂಗ ನೋಡಿ ಸೀಟು ಕೊಡುವ ಹಾಗಿಲ್ಲ. 1996ರಲ್ಲಿ ಮತದಾರರೇ ಪ್ರೊಪೊಸಿಷನ್ 209 ಅನ್ನೋ ಕಾನೂನು ಪಾಸು ಮಾಡಿ ಅದನ್ನು ನಿಲ್ಲಿಸಿದ್ದಾರೆ. 2023ರ ಜೂನ್‌ನಲ್ಲಿ ಹಾರ್ವರ್ಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಖಾಸಗಿಯವರ ಕೈಯನ್ನೂ ಕಟ್ಟಿತು. ಆ ಕಾಲಂ ಖಾಲಿ ಬಿಟ್ಟರೂ ಅರ್ಜಿ ಹೋಗುತ್ತದೆ. ಆದರೂ ತುಂಬಿ ಅಂತಲೇ ನಾನು ಹೇಳುವುದು. ಯಾಕೆ ಅಂತ ಹೇಳಲು ಕ್ಲಿನಿಕ್ಕಿನಿಂದ ಶುರುಮಾಡಬೇಕು.

ಅಮ್ಮ ತುಮಕೂರಿನಿಂದ ಬಂದು ನಮ್ಮ ಜೊತೆ ಇರತೊಡಗಿದ ವರ್ಷ. ಕೌಂಟರಿನಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರಮ್ಮು ಕೊಟ್ಟರು. ನಾನು ಇನ್ಶೂರೆನ್ಸ್ ಕಾರ್ಡು ಹುಡುಕುತ್ತಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು 'ಇಂಡಿಯನ್' ಅನ್ನೋ ಪದ ಕಂಡಿದ್ದೇ ತಡ, ಟಿಕ್ ಹಾಕಿಬಿಟ್ಟರು. ಅದು 'ಅಮೆರಿಕನ್ ಇಂಡಿಯನ್', ಅಂದರೆ ಇಲ್ಲಿನ ಮೂಲನಿವಾಸಿಗಳ ಸಾಲು! ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೊಂದು ದಿನ ನರ್ಸು ಬಿಪಿ ನೋಡುತ್ತಾ "ನಿಮ್ಮದು ಯಾವ ಟ್ರೈಬ್?" ಅಂತ ಕೇಳಿದಳು. ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ, "ಇಲ್ಲೂ ಜಾತಿ ಕೇಳ್ತಾರೇನೋ?" ಅಂದರು.

ನಗಬೇಡಿ, ನನ್ನ ಕಥೆ ಇದಕ್ಕಿಂತ ಚೆನ್ನಾಗೇನಿಲ್ಲ. ನನ್ನ ಫಾರಮ್ಮಿನಲ್ಲಿ ಬರೀ 'ಏಷ್ಯನ್' ಅಂತಿತ್ತು. ಎತ್ತರ 170 ಸೆಂಟಿಮೀಟರ್, ತೂಕ 68 ಕೆಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯಾ ಅನ್ನುವ ಲೆಕ್ಕ) 23.5. "ತೂಕ ಸರಿಯಾಗಿದೆ" ಅಂತ ಹೇಳಿ ಡಾಕ್ಟರು ಸಕ್ಕರೆ ಪರೀಕ್ಷೆಯನ್ನೇ ಬರೆಯಲಿಲ್ಲ. ಮುಂದಿನ ವರ್ಷ ಬೇರೆ ಕಡೆ ಹೋದೆ, ಅಲ್ಲಿ 'ಏಷ್ಯನ್ ಇಂಡಿಯನ್' ಅಂತ ಗುರುತು ಹಾಕಿದೆ. ಆ ಡಾಕ್ಟರು ಅಪ್ಪನಿಗೆ ಸಕ್ಕರೆ ಇತ್ತಾ ಅಂತ ಕೇಳಿದರು, ಅವತ್ತೇ ರಕ್ತ ತೆಗೆಸಿದರು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) 6.3 ಬಂತು. 6.5 ಮುಟ್ಟಿದರೆ ಡಯಾಬಿಟಿಸ್. ಮಿಕ್ಕವರಿಗೆ ಬಿಎಂಐ 25 ದಾಟಿದರೆ ಸಕ್ಕರೆ ಪರೀಕ್ಷೆ ಮಾಡಿ ಅನ್ನುವ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್, ಏಷ್ಯನ್ನರಿಗೆ ಆ ಗಡಿಯನ್ನು 2015ರಲ್ಲೇ 23ಕ್ಕೆ ಇಳಿಸಿತ್ತು. 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾ ಮೂಲ ಅನ್ನುವುದೇ ಹೃದಯಕ್ಕೆ ಅಪಾಯ ಹೆಚ್ಚಿಸುವ ಒಂದು ಅಂಶ. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಸುತ್ತಮುತ್ತ 'ಮಸಾಲಾ' ಅಂತ ಒಂದು ಅಧ್ಯಯನ ಶುರುವಾಯಿತು (ಹೆಸರು ನಿಜವಾಗಿಯೂ ಅದೇ). ನಮ್ಮವರನ್ನು ಬೇರೆಯಾಗಿಯೇ ಹಿಡಿದು ವರ್ಷಗಟ್ಟಲೆ ಹೃದಯ, ಸಕ್ಕರೆ ನೋಡುತ್ತಾ ಬಂದಿದ್ದಾರೆ. ಎಲ್ಲರನ್ನೂ ಏಷ್ಯನ್ ಅಂತ ಒಂದೇ ಚೀಲಕ್ಕೆ ತುಂಬಿದ್ದರೆ ಇದೆಲ್ಲ ಕಾಣುತ್ತಲೇ ಇರಲಿಲ್ಲ. ಕೊರಿಯನ್ನರಿಗೆ ಹೊಟ್ಟೆಯ ಕ್ಯಾನ್ಸರ್ ಹೆಚ್ಚು, ವಿಯೆಟ್ನಾಂ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್. ಸರಾಸರಿ ಮಾಡಿದರೆ ಎಲ್ಲರೂ ಗಟ್ಟಿಮುಟ್ಟಾಗಿ ಕಾಣುತ್ತಾರೆ.

ಕಾಲೇಜಿನಲ್ಲಿ ಈ ಸರಾಸರಿ ಇನ್ನೂ ದೊಡ್ಡ ಸುಳ್ಳು ಹೇಳುತ್ತದೆ. ಪ್ಯೂ ಅನ್ನೋ ಸಂಶೋಧನಾ ಸಂಸ್ಥೆ 2019ರ ಅಂಕಿಗಳಿಂದ ತೆಗೆದ ಲೆಕ್ಕ: ಇಲ್ಲಿನ 25 ವರ್ಷ ದಾಟಿದ ಏಷ್ಯನ್ನರಲ್ಲಿ ಪದವೀಧರರು ಶೇ. 54. ಒಳಗೆ ಬಿಡಿಸಿ ನೋಡಿದರೆ ಭಾರತೀಯರು ಶೇ. 75, ಲಾವೋಸಿನವರು ಶೇ. 18, ಭೂತಾನಿನವರು ಶೇ. 15. ನಾವೆಲ್ಲ ಎಂಎಸ್ ಮಾಡಿ ಎಚ್‌1ಬಿ ಮೇಲೆ ಬಂದವರು. ಅವರು ಯುದ್ಧದಿಂದಲೋ ದೇಶದಿಂದ ಹೊರದಬ್ಬಿಸಿಕೊಂಡೋ ನಿರಾಶ್ರಿತರಾಗಿ ಬಂದವರು. ನಮ್ಮ ಡಿಗ್ರಿಗಳ ನೆರಳಲ್ಲಿ ಅವರ ಮಕ್ಕಳು ಕಾಣೆಯಾಗುತ್ತಾರೆ. "ಏಷ್ಯನ್ ಮಕ್ಕಳಿಗೇನು, ಚೆನ್ನಾಗೇ ಓದ್ತಾರೆ" ಅಂದುಬಿಟ್ಟರೆ ಅವರಿಗೆ ಟ್ಯೂಷನ್ನೂ ಇಲ್ಲ, ನೆರವೂ ಇಲ್ಲ. ಇದನ್ನೇ ಹಿಡಿದು ಯುಸಿಎಲ್‌ಎ ವಿದ್ಯಾರ್ಥಿಗಳು 'ನಮ್ಮನ್ನೂ ಎಣಿಸಿ' ಅಂತ ಹೋರಾಡಿದ ಮೇಲೆ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ 2007ರಲ್ಲಿ 23 ಗುಂಪುಗಳ ಪಟ್ಟಿಗೆ ಒಪ್ಪಿತು. ನಿಮ್ಮ ಮಗಳು ಯುಸಿಗೆ ಅರ್ಜಿ ಹಾಕುತ್ತಿದ್ದರೆ ಅವಳು ನೋಡುವ ಪಟ್ಟಿಯ ಮೂಲ ಅದು.

ನಮ್ಮ ಕಡೆಯ ಎಕೆ, ಎಡಿ ಗೊಂದಲ ನೆನಪಾಯಿತಾ? ಹಳೇ ಮೈಸೂರಿನಲ್ಲಿ ಹೊಲೆಯರೂ ಮಾದಿಗರೂ ಆದಿ ಕರ್ನಾಟಕ ಅಂತಲೋ ಆದಿ ದ್ರಾವಿಡ ಅಂತಲೋ ಒಂದೇ ಹೆಸರಿನಡಿ ಬರೆಸಿದ್ದರು. ಒಳಮೀಸಲಾತಿ ಹಂಚಲು ಕೂತಾಗ ಯಾರು ಎಷ್ಟಿದ್ದಾರೆ ಅಂತ ಹೇಳುವುದಕ್ಕೇ ಆಗಲಿಲ್ಲ. 2025ರಲ್ಲಿ ನಾಗಮೋಹನ್ ದಾಸ್ ಆಯೋಗ ಮನೆ ಮನೆಗೆ ಹೋಗಿ ಮತ್ತೆ ಕೇಳಬೇಕಾಯಿತು.

ಇಲ್ಲಿ ಏಷ್ಯನ್ನರನ್ನು ಬಿಡಿಸಿ ಎಣಿಸುವ ಕಾನೂನು ಸಲೀಸಾಗಿ ಆಗಲಿಲ್ಲ. ಇಂಥದ್ದೇ ಒಂದು ಮಸೂದೆಯನ್ನು ಗವರ್ನರ್ ಜೆರ್ರಿ ಬ್ರೌನ್ 2015ರಲ್ಲಿ ವೀಟೊ ಮಾಡಿದರು. ಮರುವರ್ಷ ಶಾಸಕ ರಾಬ್ ಬಾಂಟಾ ಎಬಿ 1726 ಅನ್ನೋ ಮಸೂದೆ ತಂದರು. ಮೊದಲು ಅದರಲ್ಲಿ ಆರೋಗ್ಯ ಇಲಾಖೆಯೂ ಇತ್ತು, ಕಾಲೇಜುಗಳೂ ಇದ್ದವು. ಇವತ್ತು ಎಣಿಸುತ್ತಾರೆ, ನಾಳೆ ಸೀಟು ಕಿತ್ತುಕೊಳ್ಳುತ್ತಾರೆ ಅಂತ ಚೀನೀ ಮೂಲದ ಬಹಳಷ್ಟು ತಂದೆತಾಯಿಯರು ಬೀದಿಗಿಳಿದರು. ಕಾಲೇಜಿನ ಭಾಗ ಕೈಬಿಟ್ಟ ಮೇಲೆ, 2016ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಸಹಿ ಬಿತ್ತು. 2022ರ ಜುಲೈಯಿಂದ ಆರೋಗ್ಯ ಇಲಾಖೆ ಬಾಂಗ್ಲಾದೇಶಿ, ಪಾಕಿಸ್ತಾನಿ, ಶ್ರೀಲಂಕಾ, ಹ್ಮಾಂಗ್, ಥಾಯ್ ಇತ್ಯಾದಿಗಳನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಸೀಟಿನ ಆ ಭಯ ನನಗೆ ಒಪ್ಪಿಗೆಯಿಲ್ಲ, 209 ಆಗಲೂ ಜಾರಿಯಲ್ಲೇ ಇತ್ತು. ಆದರೆ ಎಣಿಕೆಯ ಬಗ್ಗೆಯೇ ಭಯ ಅಂದರೆ ಅದು ಬೇರೆ ಮಾತು. 1942ರಲ್ಲಿ ಯುದ್ಧದ ನೆಪದಲ್ಲಿ ಜಪಾನೀ ಮೂಲದವರನ್ನು ಬಂಧನದ ಕ್ಯಾಂಪಿಗೆ ಅಟ್ಟುವಾಗ ಯಾವ ಬೀದಿಯಲ್ಲಿ ಎಷ್ಟು ಜನ ಅಂತ ಸೇನೆಗೆ ಲೆಕ್ಕ ಕೊಟ್ಟಿದ್ದು ಸೆನ್ಸಸ್ ಇಲಾಖೆಯೇ. ಹಾಗಾಗಿ ಯಾರು ಕೇಳುತ್ತಿದ್ದಾರೆ, ಎಲ್ಲಿ ಇಡುತ್ತಾರೆ ಅಂತ ವಿಚಾರಿಸುವುದು ತಪ್ಪಲ್ಲ. ಕ್ಲಿನಿಕ್ಕಿನಲ್ಲಿ ಹೇಳಲು ಇಷ್ಟವಿಲ್ಲ ಅನ್ನಬಹುದು.

ನೀವು ಮಾಡಬಹುದಾದ್ದು ಇಷ್ಟು: ಕ್ಲಿನಿಕ್ಕಿನ ಪೋರ್ಟಲ್ಲಿಗೆ ಹೋಗಿ ನಿಮ್ಮ ಹೆಸರಿನ ಮುಂದೆ ಏನಿದೆ ನೋಡಿ, ತಪ್ಪಿದ್ದರೆ ತಿದ್ದಲು ಹೇಳಿ. ಅಮ್ಮನದನ್ನು ಕೌಂಟರಿನಲ್ಲೇ ಐದು ನಿಮಿಷದಲ್ಲಿ ತಿದ್ದಿಕೊಟ್ಟರು. ಸೆನ್ಸಸ್‌ನವರ ವಾರ್ಷಿಕ ಸಮೀಕ್ಷೆ ಕೆಲವೇ ಮನೆಗಳಿಗೆ ಬರುತ್ತದೆ. ಬಂದರೆ, ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಯಾವ ಭಾಷೆ ಅನ್ನುವಲ್ಲಿ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ 'ಇಂಡಿಯನ್' ಅಂತ ಗೀಚಬೇಡಿ, ಕನ್ನಡ ಅಂತ ಬರೆಯಿರಿ.