ವೋಲ್ಟ್ ಎಲ್ಲಿ ಸೋರುತ್ತಿದೆ?

ಓದುಗರ ಪ್ರಶ್ನೆಗಳಿಗೆ ಹಾಸನದ ಬಿ.ಎಂ. ರಸ್ತೆಯಲ್ಲಿ 26 ವರ್ಷದಿಂದ ಎಲೆಕ್ಟ್ರಿಕಲ್ ಗ್ಯಾರೇಜ್ ನಡೆಸುತ್ತಿರುವ ಮೆಕ್ಯಾನಿಕ್ ಉತ್ತರಿಸಿದ್ದಾರೆ.

ಪ್ರಶ್ನೆ: ಅಣ್ಣ, ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ತೋಟಗಳ ಕೆರೆ ಕೆಲಸಕ್ಕೆ ಬಾಡಿಗೆ ಬಿಡೋಣ ಅಂತ ಹೋದ ವರ್ಷ 20 ಟನ್ನಿನ ಹಳೇ ಎಕ್ಸ್‌ಕವೇಟರ್ ಕೊಂಡೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್. ರಾತ್ರಿ ಲೈಟ್ ಮಂಕು. ಮಾನಿಟರ್ ಮೇಲೆ ಲೋ ವೋಲ್ಟೇಜ್ ಎರರ್, ಜೊತೆಗೆ ಇನ್ನೂ ಮೂರು ಕೋಡ್. ಎರಡು ಸಲ ಬ್ಯಾಟರಿ ಬದಲಿಸಿದೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ರಿಪೇರಿ ಮಾಡಿಸಿದೆ. ಈಗ ಕಂಟ್ರೋಲರ್, ಅಂದರೆ ಮೆಷಿನ್ನಿನ ಕಂಪ್ಯೂಟರ್, ಹೋಗಿದೆ ಅನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಬೇಡ, ಈಗಲೇ ಬೇಡ. ನಿಮ್ಮ ಕಾಗದದಲ್ಲಿ ಏನೇನು ಬದಲಿಸಿದಿರಿ ಅನ್ನೋದು ಪೂರ್ತಿ ಇದೆ. ಮೀಟರ್ ಇಟ್ಟು ನೋಡಿದ ಲೆಕ್ಕ ಒಂದೂ ಇಲ್ಲ. ಇಷ್ಟು ದುಡ್ಡು ತೆಗೆದುಕೊಂಡವರು ಯಾರೂ ಒಂದು ಸಲ ವೋಲ್ಟ್ ಅಳೆದಿಲ್ಲ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಿಮ್ಮ ಮೆಷಿನ್ 24 ವೋಲ್ಟಿನದು. 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಸೇರಿ, ಕೂತಿರುತ್ತವೆ. ರಾತ್ರಿಯೆಲ್ಲ ಸುಮ್ಮನೆ ನಿಂತ ಮೇಲೆ ಬೆಳಿಗ್ಗೆ, ಕೀ ಹಾಕುವ ಮೊದಲು, ಒಂದೊಂದನ್ನೂ ಬೇರೆ ಬೇರೆ ಅಳೆಯಿರಿ. ತುಂಬಿದ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. ಒಂದು 12.6, ಇನ್ನೊಂದು 12.1 ಬಂದರೆ ಕ್ಯಾಬಿನ್‌ನಲ್ಲಿ ಹಾಡಿನ ಸೆಟ್ ಎಲ್ಲಿಂದ ಕರೆಂಟ್ ತೆಗೆದುಕೊಂಡಿದೆ ನೋಡಿ. ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದಿರುತ್ತಾರೆ. ಆ ಬ್ಯಾಟರಿ ಯಾವತ್ತೂ ತುಂಬುವುದಿಲ್ಲ, ಪಕ್ಕದ್ದು ಜಾಸ್ತಿ ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಆರೇಳು ತಿಂಗಳಲ್ಲಿ ಎರಡೂ ಹಾಳು. ಹಾಡು ಬೇಕಾದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

ಆಮೇಲೆ ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೈಸ್ ಮಾಡಿ, ಎಲ್ಲ ಲೈಟ್ ಹಾಕಿ. ಈಗ ಎರಡು ಕಡೆ ಅಳೆಯಬೇಕು. ಆಲ್ಟರ್ನೇಟರಿನ ದಪ್ಪ ವೈರ್ ಬೋಲ್ಟಿನ ಮೇಲೆ ಒಂದು ಸಲ, ಎರಡೂ ಬ್ಯಾಟರಿ ಸೇರಿಸಿ ಅವುಗಳ ಮೇಲೆ ಒಂದು ಸಲ. ಸುಮಾರು 27.5ರಿಂದ 28.5 ಇರಬೇಕು. ಎರಡೂ ಕಡೆ 25 ಅಂದರೆ ಆಲ್ಟರ್ನೇಟರ್, ಬೆಲ್ಟ್ ಕಡೆ ಹೋಗಿ. ಆಲ್ಟರ್ನೇಟರ್ ಮೇಲೆ 28 ಇದ್ದು ಬ್ಯಾಟರಿ ಮೇಲೆ 26 ಅಂದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ, ದಾರಿಯಲ್ಲಿ ಯಾರೋ 2 ವೋಲ್ಟ್ ತಿನ್ನುತ್ತಿದ್ದಾರೆ. ನೀವು ಕಾಫಿ ಬೆಳೆಯುವವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪಿನ ಹತ್ತಿರ ಪ್ರೆಷರ್ ಇದ್ದು ಕೊನೇ ಸ್ಪ್ರಿಂಕ್ಲರ್ ಜೆಟ್ ತಿರುಗದಿದ್ದರೆ ಮೋಟಾರ್ ಬಿಚ್ಚುತ್ತೀರಾ? ಪೈಪ್ ಹಿಡಿದುಕೊಂಡು ನಡೆಯುತ್ತೀರಿ, ಅಲ್ವಾ?

ವೈರಿನಲ್ಲೂ ಹಾಗೇ ನಡೆಯಬೇಕು. ಬಕೆಟ್ ನೆಲಕ್ಕಿಳಿಸಿ, ಲಾಕ್ ಲಿವರ್ ಹಾಕಿ, ಡೀಸೆಲ್ ಕಟ್ ಮಾಡಿ ಎಂಜಿನ್ ಹತ್ತದ ಹಾಗೆ ನೋಡಿಕೊಳ್ಳಿ. ಫ್ಯಾನ್, ಬೆಲ್ಟ್ ಹತ್ತಿರ ಕೈ, ಬಟ್ಟೆ, ಮೀಟರಿನ ವೈರ್ ಯಾವುದೂ ಹೋಗಬಾರದು. ಮೀಟರಿನ ಒಂದು ಕಡ್ಡಿ, ಚಾಸಿಗೆ ಕೇಬಲ್ ಹೋಗುವ ಬ್ಯಾಟರಿಯ ನೆಗೆಟಿವ್ ಸೀಸದ ಗೂಟದ ಮೇಲೆ. ಕ್ಲಾಂಪಿನ ಮೇಲಲ್ಲ, ಗೂಟದ ಮೇಲೆಯೇ. ಇನ್ನೊಂದು ಕಡ್ಡಿ ಎಂಜಿನ್ನಿನ ಬರೀ ಲೋಹಕ್ಕೆ. ಆಪರೇಟರ್‌ಗೆ ಹೇಳಿ ಐದು ಸೆಕೆಂಡ್ ಸೆಲ್ಫ್ ಹೊಡೆಸಿ. ಮೀಟರ್ ಸೊನ್ನೆ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ, ಕೆಟ್ಟಿದೆ. ಆಗ ಗೂಟದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ ಹೀಗೆ ತುಂಡು ತುಂಡು ಅಳೆದರೆ ಕಳ್ಳ ಸಿಗುತ್ತಾನೆ. ಪಾಸಿಟಿವ್ ಕಡೆಯೂ ಗೂಟದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ ಇದೇ ಲೆಕ್ಕ. ನೆಗೆಟಿವ್ ಸಾಲಿನಲ್ಲೋ ಪಾಸಿಟಿವ್ ಸಾಲಿನಲ್ಲೋ ಇರುವ ಕಟ್‌ಆಫ್ ಸ್ವಿಚ್ ಮರೆಯಬೇಡಿ, ಅದರೊಳಗೆ ಸುಟ್ಟಿರುವುದು ಹೊರಗೆ ಕಾಣುವುದಿಲ್ಲ.

ಬೀಪ್ ಶಬ್ದ ಕೇಳಿ ವೈರ್ ಸರಿ ಇದೆ ಅನ್ನಬೇಡಿ. ನೂರು ಎಳೆಯಲ್ಲಿ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್, ಆ ಒಂದು ಎಳೆ ಏನು ಮಾಡೀತು? ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಇದನ್ನು ನಾನೂ ತಪ್ಪು ಮಾಡಿಯೇ ಕಲಿತದ್ದು. ಸಕಲೇಶಪುರದ ಕಡೆ ಒಂದು ತೋಟ, ಫೆಬ್ರವರಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬರದಿದ್ದರೆ ನೀರು ಹೊಡೆಯಬೇಕು, ಅಷ್ಟರಲ್ಲಿ ಕೆರೆ ಹೂಳು ತೆಗೆಯಬೇಕು ಅಂತ ಅವಸರ. ಸೆಕೆಂಡ್ ಹ್ಯಾಂಡ್ ಮೆಷಿನ್, ಹೊಸ ಪೇಂಟ್ ಹೊಳೆಯುತ್ತಿತ್ತು. ನಾನು ಅಳೆಯದೆ ಆಲ್ಟರ್ನೇಟರ್ ಬದಲಿಸಿ ಬಂದೆ. ಮೂರನೇ ದಿನ ಮತ್ತೆ ಫೋನ್. ಹೋಗಿ ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಕೆಳಗೆ ಹಳದಿ ಪೇಂಟ್! ಮಾರುವ ಮುಂಚೆ ಎಲ್ಲ ಬಿಚ್ಚಿ ಬಣ್ಣ ಹೊಡೆದು, ಬಣ್ಣದ ಮೇಲೇ ಪಟ್ಟಿ ಕೂರಿಸಿದ್ದರು. ಕೆರೆದು, ಲೋಹ ಬಿಳುಪಾಗುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಹತ್ತು ನಿಮಿಷದ ಕೆಲಸ. ಆ ಮಾಲೀಕರ ಆಲ್ಟರ್ನೇಟರ್ ದುಡ್ಡು ವಾಪಸ್ ಕೊಟ್ಟೆ. ಅವತ್ತಿನಿಂದ ಹೊಸ ಪೇಂಟ್ ಕಂಡರೆ ಮೊದಲು ಅರ್ತ್ ಬೋಲ್ಟ್ ಬಿಚ್ಚುತ್ತೇನೆ. ನಿಮ್ಮ ಕಡೆ ಮಳೆಗಾಲದಲ್ಲಿ ನಿಂತೇ ಇರುವ ಮೆಷಿನ್‌ಗಳಲ್ಲಿ ಕೇಬಲ್ಲಿನ ರಬ್ಬರ್ ಒಳಗೇ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಯಾಗಿರುತ್ತದೆ. ಮೆಲ್ಲಗೆ ಬಗ್ಗಿಸಿದರೆ ಕರಕರ ಅನ್ನುತ್ತದೆ. ಅದನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಿಸಿ.

ಇನ್ನು ಆ ಮೂರು ಕೋಡ್. ಸೆಲ್ಫ್ ಹೊಡೆಯುವಾಗ ವೋಲ್ಟ್ ಪಾತಾಳಕ್ಕಿಳಿದರೆ ಕಂಟ್ರೋಲರ್ ಕಂಗಾಲಾಗಿ, ಸರಿ ಇರುವ ಸೆನ್ಸರ್ ಮೇಲೂ ದೂರು ಬರೆದುಕೊಳ್ಳುತ್ತದೆ. ಮೊದಲು ವೋಲ್ಟ್ ಸರಿ ಮಾಡಿ, ಕೋಡ್ ಅಳಿಸಿ, ಎರಡು ದಿನ ಓಡಿಸಿ. ಮತ್ತೆ ಬಂದ ಕೋಡ್ ಮಾತ್ರ ನನಗೆ ಬರೆಯಿರಿ.

ಪ್ರಶ್ನೆ: ಅರಕಲಗೂಡಿನಿಂದ ಬರೆಯುತ್ತಿದ್ದೇನೆ. ನಮ್ಮ ಮೆಷಿನ್ ದಿನಾ ಓಡಿದರೆ ತೊಂದರೆ ಇಲ್ಲ. ಒಂದು ವಾರ ನಿಂತರೆ ಬ್ಯಾಟರಿ ಪೂರ್ತಿ ಡೌನ್.

ಉತ್ತರ: ಕೀ ತೆಗೆದ ಮೇಲೂ ಏನೋ ಕರೆಂಟ್ ಕುಡಿಯುತ್ತಿದೆ. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು ಆಂಪಿಯರ್‌ನಲ್ಲಿಟ್ಟು ಗೂಟಕ್ಕೂ ಕೇಬಲ್ಲಿಗೂ ನಡುವೆ ಸೇರಿಸಿ. ಹಾಗಿರುವಾಗ ಕೀ ಮುಟ್ಟಬೇಡಿ, ಸೆಲ್ಫ್ ಹೊಡೆದರೆ ಮೀಟರ್ ಫ್ಯೂಸ್ ಹೋಗುತ್ತದೆ. ಕೆಲವು ನಿಮಿಷ ಕಾದು ನೋಡಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. ಅರ್ಧ ಆಂಪಿಯರ್ ಅಂದರೆ ದಿನಕ್ಕೆ 12 ಆಂಪಿಯರ್ ಅವರ್, ವಾರಕ್ಕೆ 84. ನಿಮ್ಮ ಬ್ಯಾಟರಿ 100ರದ್ದಾದರೆ ಉಳಿದದ್ದು ಎಷ್ಟು ನೀವೇ ನೋಡಿ. ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ, ಯಾವುದನ್ನು ಕಿತ್ತಾಗ ಇಳಿಯಿತೋ ಆ ಸಾಲು ಹಿಡಿಯಿರಿ. ಯಾವುದನ್ನು ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರ್ ವೈರ್ ಬಿಚ್ಚಿ ನೋಡಿ, ಒಳಗಿನ ಡಯೋಡ್ ಕೆಟ್ಟಿರಬಹುದು. ಹಳೇ ಮಾಲೀಕರು ಹಾಕಿಸಿದ ಜಿಪಿಎಸ್ ಡಬ್ಬಿಯನ್ನೂ ಹುಡುಕಿ. ಸೀಟಿನ ಹಿಂದೆ ಇಲಿ ಕಡಿದ ವೈರ್ ಇದೆಯಾ ಅಂತಲೂ ಕಣ್ಣು ಹಾಯಿಸಿ.

ಪ್ರಶ್ನೆ: ಬ್ಯಾಟರಿ ಡೌನ್ ಆದ ಎಕ್ಸ್‌ಕವೇಟರನ್ನು ಜೀಪಿನ ಬ್ಯಾಟರಿಯಿಂದ ವೈರ್ ಕೊಟ್ಟು ಚಾಲೂ ಮಾಡಬಹುದಾ?

ಉತ್ತರ: ಬೇಡ. ಜೀಪ್ 12 ವೋಲ್ಟ್, ನಿಮ್ಮದು 24. ಎರಡರಲ್ಲಿ ಒಂದು ಬ್ಯಾಟರಿಗೆ ಮಾತ್ರ ಕೊಡೋಣ ಅಂತ ಕೆಲವರು ಹೋಗುತ್ತಾರೆ. ಪಾಸಿಟಿವ್ ತುದಿಯ ಬ್ಯಾಟರಿಗೆ ಕೊಟ್ಟು, ಜೀಪಿನ ಬಾಡಿ ಮೆಷಿನ್‌ಗೆ ತಾಗಿತೋ, ಇನ್ನೊಂದು ಬ್ಯಾಟರಿ ನೇರ ಶಾರ್ಟ್. ಬ್ಯಾಟರಿಯಿಂದ ಹೊರಡುವ ಗ್ಯಾಸಿಗೆ ಕಿಡಿ ತಾಗಿದರೆ ಆಸಿಡ್ ಮುಖಕ್ಕೇ ಹಾರುತ್ತದೆ. ಹತ್ತಿರದಲ್ಲಿ 24 ವೋಲ್ಟಿನ ಟಿಪ್ಪರ್ ಇದ್ದರೆ ಕರೆಸಿ. ಕೊನೇ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿ ಮೇಲೆ ಹಾಕದೆ, ಅದರಿಂದ ದೂರ ಎಂಜಿನ್ನಿನ ಲೋಹಕ್ಕೆ ಕಚ್ಚಿಸಿ.