ಪೂರ್ತಿ ಪಟ್ಟಿ ಬ್ಯಾಡ್ರಿ, ನೀವು ಕೇಳಿ ಹಾಕಿಸಿದ್ದಷ್ಟೇ ಸಾಕು

ಹಳೇ ಉಬುಂಟು ಮಷಿನ್‌ನಲ್ಲಿರುವ ಅಷ್ಟೂ ಪ್ಯಾಕೇಜ್‌ಗಳ (ಸಾಫ್ಟ್‌ವೇರ್ ಕಟ್ಟುಗಳ) ಪಟ್ಟಿ ತೆಗೆದು ಹೊಸದರಲ್ಲಿ ಹಾಗೇ ಹಾಕುವುದು ಹೇಗೆ ಅಂತ ಕೇಳಿದ್ದೀರಿ. ಕಲಬುರಗಿಯ ಸೇಡಂ ರಸ್ತೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಇದನ್ನೇ ಮಾಡಲು ಹೋಗಿ ಹನ್ನೊಂದು ಮಷಿನ್ ಕೆಡಿಸಿಟ್ಟವ ನಾನು. (ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ.)

ಕೇಂದ್ರದ ಹಳೇ ಮಷಿನ್‌ನಲ್ಲಿ ಉಬುಂಟು 20.04 ಇತ್ತು. ನಾನು ಓಡಿಸಿದ್ದು 'ಡಿಪಿಕೆಜಿ --ಗೆಟ್-ಸೆಲೆಕ್ಷನ್ಸ್', ಅಷ್ಟೂ ಪ್ಯಾಕೇಜ್ ಹೆಸರು ಪಟ್ಟಿ ಮಾಡುವ ಕಮಾಂಡ್. ಅದನ್ನು ಫೈಲಿಗೆ ಇಳಿಸಿ ನೋಡಿದರೆ 1,900ಕ್ಕೂ ಹೆಚ್ಚು ಸಾಲು. ಅದರಲ್ಲಿ ನಾನು ಕೈಯಾರೆ ಹಾಕಿದ್ದು ನಲವತ್ತೂ ಇರಲಿಲ್ಲ. ಹೆಸರಿನ ಕಾಲಂ ಮಾತ್ರ ಕತ್ತರಿಸಿ, ಪ್ಯಾಕೇಜ್ ಹಾಕುವ ತೆಗೆಯುವ ಆಪ್ಟ್‌ಗೆ ಎಲ್ಲ ಹೆಸರನ್ನೂ ಒಟ್ಟಿಗೆ ದಾಟಿಸುವ 'ಎಕ್ಸ್‌ಆರ್ಗ್ಸ್ ಸುಡೊ ಆಪ್ಟ್ ಇನ್‌ಸ್ಟಾಲ್'ಗೆ ಕೊಟ್ಟು 22.04 ಇದ್ದ ಹೊಸ ಮಷಿನ್‌ನಲ್ಲಿ ಎಂಟರ್ ಒತ್ತಿದೆ. 'ಯೂನೇಬಲ್ ಟು ಲೊಕೇಟ್ ಪ್ಯಾಕೇಜ್' ಅಂತ ಬಂದು ನಿಂತಿತು. ಪಟ್ಟಿಯಲ್ಲಿ ಒಂದು ಹೆಸರು ಸಿಗದಿದ್ದರೂ ಆಪ್ಟ್ ಉಳಿದ ಯಾವುದನ್ನೂ ಹಾಕುವುದಿಲ್ಲ. 20.04ರ ಲಿಬ್‌ಎಸ್‌ಎಸ್‌ಎಲ್1.1 ಹೋಗಿ 22.04ರಲ್ಲಿ ಲಿಬ್‌ಎಸ್‌ಎಸ್‌ಎಲ್3 ಬಂದಿದೆ. ಪೈಥಾನ್3.8 ಇದ್ದಲ್ಲಿ 3.10 ಇದೆ. ಹೆಸರಿನೊಳಗೇ ವರ್ಷನ್ ಇರುವ ಇಂಥ ಪ್ಯಾಕೇಜ್‌ಗಳು ಬೇಕಾದಷ್ಟು. ಒಂದೊಂದನ್ನೇ ಅಳಿಸುತ್ತ ಕೂತೆ. ಏಪ್ರಿಲ್ ಮಧ್ಯಾಹ್ನ, ಕರೆಂಟು ಬರುವುದು ಹೋಗುವುದು, ಹಾಟ್‌ಸ್ಪಾಟ್ ಡೇಟಾ ಮುಗಿಯುತ್ತಿತ್ತು. ಕೊನೆಗೆ ಮಷಿನ್ ಸಿದ್ಧವಾಯಿತು.

ಆದರೆ ನನಗೆ ದುಬಾರಿಯಾದದ್ದು ಇದಲ್ಲ, ಮುಂದಿನದು. ಸಿದ್ಧವಾದ 22.04 ಮಷಿನ್ ಕೆಲವು ತಿಂಗಳು ಓಡಿತು, ಅಪ್‌ಡೇಟ್ ತಗೊಂಡಿತು. ಆಮೇಲೆ ಉಳಿದ ಹನ್ನೊಂದಕ್ಕೂ ಅದರ ಪೂರ್ತಿ ಪಟ್ಟಿಯನ್ನೇ ಕೊಟ್ಟೆ. ಎರಡೂ ಕಡೆ ಒಂದೇ ರಿಲೀಸ್, ಹಾಗಾಗಿ ಒಂದು ಎರರ್ ಕೂಡ ಇಲ್ಲ. ಪರದೆ ತುಂಬ 'ಸೆಟ್ ಟು ಮ್ಯಾನ್ಯುಯಲಿ ಇನ್‌ಸ್ಟಾಲ್ಡ್' ಅನ್ನುವ ಸಾಲು ನೂರಾರು ಸಲ ಉರುಳಿ ಹೋಯಿತು. ಎರರ್ ಅಲ್ಲವಲ್ಲ ಅಂತ ನಾನು ಚಹಾಕ್ಕೆ ಹೋದೆ.

ಆ ಸಾಲನ್ನು ಅವತ್ತೇ ಓದಬೇಕಿತ್ತು. ಆಪ್ಟ್ ಪ್ರತಿ ಪ್ಯಾಕೇಜಿಗೂ ಒಂದು ಗುರುತು ಇಟ್ಟಿರುತ್ತದೆ: ಇದು ನೀವು ಕೇಳಿ ಹಾಕಿಸಿದ್ದೋ, ಇನ್ನೊಂದರ ಜೊತೆ ತಾನಾಗಿ ಬಂದದ್ದೋ. ಮೊದಲನೆಯದು ಮ್ಯಾನ್ಯುಯಲ್, ಎರಡನೆಯದು ಆಟೊ. ಆಟೊ ಗುರುತು /ವಾರ್/ಲಿಬ್/ಆಪ್ಟ್/ಎಕ್ಸ್‌ಟೆಂಡೆಡ್_ಸ್ಟೇಟ್ಸ್ ಫೈಲಿನಲ್ಲಿರುತ್ತದೆ. 'ಆಪ್ಟ್ ಆಟೊರಿಮೂವ್' ಯಾರಿಗೂ ಬೇಡವಾದ ಆಟೊ ಪ್ಯಾಕೇಜನ್ನು ಮಾತ್ರ ತೆಗೆಯುತ್ತದೆ, ಮ್ಯಾನ್ಯುಯಲ್ ಅನ್ನು ಮುಟ್ಟುವುದಿಲ್ಲ. ಹೆಸರು ಹಿಡಿದು 'ಇನ್‌ಸ್ಟಾಲ್' ಅಂದರೆ, ಮೊದಲೇ ಇದ್ದ ಪ್ಯಾಕೇಜ್ ಆದರೂ ಅದು ಆಟೊದಿಂದ ಮ್ಯಾನ್ಯುಯಲ್ ಆಗುತ್ತದೆ. ನಾನು ಅಷ್ಟೂ ಲೈಬ್ರರಿಗಳನ್ನು ಮ್ಯಾನ್ಯುಯಲ್ ಮಾಡಿಬಿಟ್ಟಿದ್ದೆ. ಅದಕ್ಕಿಂತ ಕೆಟ್ಟದ್ದು, ಮೂಲ ಮಷಿನ್‌ನಲ್ಲಿ ಅಪ್‌ಡೇಟ್‌ಗಳಿಂದ ಸೇರಿದ್ದ ಮೂರು ಕರ್ನೆಲ್ (ಸಿಸ್ಟಮ್‌ನ ತಿರುಳು) ಪಟ್ಟಿಯೊಳಗೆ ಕೂತಿದ್ದವು. ಮೂರೂ ಹನ್ನೊಂದು ಮಷಿನ್‌ಗೂ ಹೋದವು, ಹೋಗಿ ಗಟ್ಟಿಯಾಗಿ ಕೂತವು. ಕರ್ನೆಲ್ ಫೈಲ್‌ಗಳು ಕೂರುವ /ಬೂಟ್‌ಗೆ ಅಲ್ಲಿ ಬೇರೆ ಪಾರ್ಟಿಷನ್, ಬರೀ 512 ಎಂಬಿ. ಒಂದೊಂದು ಕರ್ನೆಲ್ಲಿನ ಜೊತೆ ಬೂಟ್ ಆಗಲು ಬೇಕಾದ ಇನಿಟ್‌ಆರ್‌ಡಿ ಫೈಲೇ ನೂರು ಎಂಬಿ ಹತ್ತಿರ. ಮುಂದಿನ ಕರ್ನೆಲ್ ಅಪ್‌ಡೇಟ್ ಬಂದಾಗ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಪ್ಯಾಕೇಜ್ ಅರ್ಧಕ್ಕೆ ಕಾನ್ಫಿಗರ್ ಆಗಿ ನಿಂತಿತು. ಆಮೇಲೆ ಏನು ಹಾಕಹೋದರೂ ಆಪ್ಟ್ ಅದೇ ಗೋಳು ಹೇಳುತ್ತಿತ್ತು.

ಬಿಡಿಸಿದ್ದು ಹೀಗೆ. 'ಯುನೇಮ್ -ಆರ್' ಓಡಿಸಿ, ಈಗ ಓಡುತ್ತಿರುವ ಕರ್ನೆಲ್ ಯಾವುದು ಅಂತ ಬರೆದಿಟ್ಟುಕೊಂಡೆ. ಅದನ್ನು ಮುಟ್ಟಬಾರದು. ಒಂದು ಹಳೇ ಲಿನಕ್ಸ್-ಇಮೇಜ್ (ಕರ್ನೆಲ್ ಪ್ಯಾಕೇಜ್) ಹೆಸರು ಹಿಡಿದು 'ಸುಡೊ ಡಿಪಿಕೆಜಿ --ಪರ್ಜ್', ಅಂದರೆ ಕಾನ್ಫಿಗ್ ಫೈಲ್ ಸಮೇತ ತೆಗೆಯುವುದು. ಅದೇ ವರ್ಷನ್ನಿನ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಹೆಸರನ್ನೂ ಅದೇ ಸಾಲಿನಲ್ಲಿ ಕೊಡಬೇಕು, ಇಲ್ಲದಿದ್ದರೆ ಇದನ್ನು ನಂಬಿದ ಇನ್ನೊಂದು ಪ್ಯಾಕೇಜ್ (ಡಿಪೆಂಡೆನ್ಸಿ) ಇದೆ ಅಂತ ಡಿಪಿಕೆಜಿ ಒಪ್ಪುವುದಿಲ್ಲ. ಜಾಗ ಆದ ಮೇಲೆ, ಅರ್ಧಕ್ಕೆ ನಿಂತದ್ದನ್ನು ಮುಗಿಸಲು 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ'. ಕೊನೆಗೆ 'ಆಪ್ಟ್-ಮಾರ್ಕ್ ಆಟೊ' ಬರೆದು, ವರ್ಷನ್ ಅಂಟಿದ ಕರ್ನೆಲ್‌ಗಳು, 'ಲಿಬ್' ಅಂತ ಶುರುವಾಗುವ ಹೆಸರುಗಳು, ಎಲ್ಲವನ್ನೂ ಆಟೊಗೆ ತಿರುಗಿಸಿದೆ. ತೆಗೆಯುವ ಮೊದಲು 'ಆಪ್ಟ್ -ಎಸ್ ಆಟೊರಿಮೂವ್' ಹಾಕಿ ನೋಡಿ, '-ಎಸ್' ಇದ್ದರೆ ಏನು ಹೋಗುತ್ತದೆ ಅಂತ ಬರೀ ತೋರಿಸುತ್ತದೆ. ಹನ್ನೊಂದು ಸಲ ಇದೇ ಕೆಲಸ ಮಾಡಿದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲಗ್ನಪತ್ರಿಕೆಯಲ್ಲಿ 'ಸಕುಟುಂಬ ಸಪರಿವಾರ ಸಮೇತ' ಅಂತ ಬರೆದ ಮೇಲೆ ಮನೆಯ ಪ್ರತಿ ಮಗುವಿಗೂ ಬೇರೆ ಪತ್ರಿಕೆ ಹಂಚುತ್ತೀರೇನು? ಯಜಮಾನರನ್ನು ಕರೆದರೆ ಆಯ್ತು. ಯಜಮಾನರ ಪಟ್ಟಿ ಕೊಡುವ ಕಮಾಂಡ್ 'ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್'. ಉದಾಹರಣೆಗೆ ಕನ್ನಡಕ್ಕೆ ಫಾಂಟ್ಸ್-ಕೆಎನ್‌ಡಿಎ ಅಂತ ಒಂದು ಹೆಸರು ಬರೆದರೆ ಗುಬ್ಬಿ, ನವಿಲು ಫಾಂಟ್‌ಗಳು ಅದರ ಹಿಂದೆ ತಾವೇ ಬರುತ್ತವೆ. ಟೈಪಿಂಗ್‌ಗೆ ಐಬಸ್-ಎಂ17ಎನ್, ಸ್ಕ್ಯಾನ್ ಮಾಡಿದ ಪುಟ ಓದಿಸಲು ಟೆಸರಾಕ್ಟ್-ಒಸಿಆರ್-ಕಾನ್, ಎಚ್‌ಪಿ ಪ್ರಿಂಟರ್‌ಗೆ ಎಚ್‌ಪಿಲಿಪ್. ಈ ನಾಲ್ಕು ಹೆಸರು ಬರೆದರೆ ಕೆಲಸ ಮುಗಿಯಿತು.

ಇಲ್ಲೂ ಒಂದು ತೊಡಕಿದೆ. ಉಬುಂಟು ಹಾಕುವಾಗಲೇ ಬಂದ ಎಷ್ಟೋ ಪ್ಯಾಕೇಜ್‌ಗಳಿಗೆ ಇನ್‌ಸ್ಟಾಲರ್ ಮ್ಯಾನ್ಯುಯಲ್ ಗುರುತು ಹಾಕಿರುತ್ತದೆ, ಪಟ್ಟಿ ಮತ್ತೆ ಉದ್ದವಾಗುತ್ತದೆ. /ವಾರ್/ಲಾಗ್/ಇನ್‌ಸ್ಟಾಲರ್/ಇನಿಷಿಯಲ್-ಸ್ಟೇಟಸ್.ಜಿಝಡ್ ಅನ್ನುವ ಫೈಲ್ ನಿಮ್ಮಲ್ಲಿದ್ದರೆ ಬಿಚ್ಚಿ, 'ಪ್ಯಾಕೇಜ್:' ಸಾಲುಗಳ ಹೆಸರು ತೆಗೆದು ಸಾರ್ಟ್ ಮಾಡಿ. ಶೋಮ್ಯಾನ್ಯುಯಲ್ ಪಟ್ಟಿಯನ್ನೂ ಸಾರ್ಟ್ ಮಾಡಿ. ಎರಡು ಪಟ್ಟಿ ಹೋಲಿಸುವ 'ಕಾಮ್ -23'ಗೆ ಮೊದಲು ಶೋಮ್ಯಾನ್ಯುಯಲ್ ಪಟ್ಟಿ, ಆಮೇಲೆ ಇನ್ನೊಂದು ಕೊಟ್ಟರೆ ಉಳಿಯುವುದು ನೀವು ಹಾಕಿದ್ದು ಮಾತ್ರ. ಎರಡೂ ಸಾರ್ಟ್ ಆಗಿರದಿದ್ದರೆ ಕಾಮ್ ತಪ್ಪು ಉತ್ತರ ಕೊಡುತ್ತದೆ. ಆ ಫೈಲ್ ಇಲ್ಲವೆಂದರೆ ಪಟ್ಟಿ ಎದುರಿಗಿಟ್ಟು ಕೈಯಿಂದಲೇ ಆರಿಸಿ, ಅರ್ಧ ಗಂಟೆಯ ಕೆಲಸ. ವರ್ಷನ್ ಅಂಟಿದ ಲಿನಕ್ಸ್-ಇಮೇಜ್ ಹೆಸರುಗಳನ್ನಂತೂ ಹುಡುಕಿ ಕಿತ್ತುಹಾಕಿ.

'ಡಿಪಿಕೆಜಿ -ಎಲ್' ಯಾವಾಗ ಬೇಕು? ಈಗಿನ ಸ್ಥಿತಿ ನೋಡಲು. ಸಾಲಿನ ಮೊದಲ ಎರಡಕ್ಷರ ಓದುವುದನ್ನು ಕಲಿಯಿರಿ. 'ಐಐ' ಅಂದರೆ ಸರಿಯಾಗಿ ಇದೆ. 'ಆರ್‌ಸಿ' ಅಂದರೆ ಪ್ಯಾಕೇಜ್ ತೆಗೆದಾಗಿದೆ, ಕಾನ್ಫಿಗ್ ಫೈಲ್ ಮಾತ್ರ ಉಳಿದಿದೆ. ಬರೀ ಹೆಸರು ಗ್ರೆಪ್ ಮಾಡಿ (ಹುಡುಕಿ) 'ಇದೆ' ಅನ್ನುವವರು ಎಡವುವುದು ಈ 'ಆರ್‌ಸಿ'ಯಲ್ಲಿ. ಇವನ್ನೆಲ್ಲ ಒಂದೇ ಏಟಿಗೆ ಪರ್ಜ್ ಮಾಡಲು ಹೋಗಬೇಡಿ, ಡೇಟಾಬೇಸ್ ಸರ್ವರ್‌ಗಳಲ್ಲಿ ಪರ್ಜ್ ಜೊತೆಗೆ ಡೇಟಾ ಕೂಡ ಹೋಗಬಹುದು. ಸ್ಕ್ರಿಪ್ಟ್ ಬರೆಯುವುದಾದರೆ 'ಡಿಪಿಕೆಜಿ-ಕ್ವೆರಿ -ಡಬ್ಲ್ಯು' (ದೊಡ್ಡ ಡಬ್ಲ್ಯು) ಬಳಸಿ. 'ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್' ಅನ್ನು ಪೈಪಿಗೆ (ಇನ್ನೊಂದು ಕಮಾಂಡಿಗೆ) ಕೊಟ್ಟರೆ, ನನ್ನ ಔಟ್‌ಪುಟ್ ರೂಪ ಬದಲಾಗಬಹುದು ಅಂತ ಅದೇ ಎಚ್ಚರಿಸುತ್ತದೆ.

ಯಾವಾಗ ಯಾರು ಏನು ಹಾಕಿದರು ಅಂತ ತಿಳಿಯಲು /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ತೆರೆಯಿರಿ. ತಾರೀಖು, ಓಡಿಸಿದ ಕಮಾಂಡ್, ಸುಡೊ ಮಾಡಿದ ಯೂಸರ್, ಬಂದ ಪ್ಯಾಕೇಜ್‌ಗಳು ಎಲ್ಲ ಇರುತ್ತವೆ; ತಾನಾಗಿ ಬಂದವುಗಳ ಮುಂದೆ 'ಆಟೊಮ್ಯಾಟಿಕ್' ಅಂತಲೂ ಇರುತ್ತದೆ. ಇದು ತಿಂಗಳಿಗೊಮ್ಮೆ ರೊಟೇಟ್ ಆಗಿ ಹನ್ನೆರಡು ಹಳೇ ಪ್ರತಿ ಉಳಿಯುತ್ತದೆ, ಅವನ್ನು 'ಝಡ್‌ಗ್ರೆಪ್'ನಿಂದ ಹುಡುಕಿ. ವರ್ಷ ದಾಟಿದ್ದು ಸಿಗದು. ರೆಡ್ ಹ್ಯಾಟ್ ಕಡೆಯ (ಇನ್ನೊಂದು ಲಿನಕ್ಸ್ ಬಳಗದ) ಮಷಿನ್ ಆದರೆ 'ಡಿಎನ್‌ಎಫ್ ಹಿಸ್ಟರಿ', ಅಲ್ಲಿ 'ಅನ್‌ಡು' ಹಾಕಿ ಒಂದು ಹೆಜ್ಜೆ ಹಿಂದಕ್ಕೂ ಹೋಗಬಹುದು. ನಮ್ಮ 22.04ರ ಆಪ್ಟ್ ಇದನ್ನು ಇಷ್ಟು ಸುಲಭ ಮಾಡಿಲ್ಲ ಅನ್ನುವ ಹೊಟ್ಟೆಕಿಚ್ಚು ನನಗಿದೆ.

ಇನ್ನು ಬೇರೆ ದಾರಿಯಿಂದ ಸಾಫ್ಟ್‌ವೇರ್ ಹಾಕುವ, ಡಿಪಿಕೆಜಿಗೆ ಕಾಣದವು: ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಪಿಪ್. 22.04ರಲ್ಲಿ ಫೈರ್‌ಫಾಕ್ಸೇ ಸ್ನ್ಯಾಪ್. ಮೂರಕ್ಕೂ ಹೆಸರಿನ ನಂತರ 'ಲಿಸ್ಟ್' ಸೇರಿಸಿ ಬೇರೆ ಬೇರೆ ಪಟ್ಟಿ ತೆಗೆಯಿರಿ. ಹೊರಗಿನ ರೆಪೊಸಿಟರಿ (ಪ್ಯಾಕೇಜ್ ತರುವ ಜಾಗ) ಸೇರಿಸಿದ್ದರೆ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಫೋಲ್ಡರನ್ನೂ ಅದರ ಕೀ ಫೈಲ್‌ಗಳನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೊಸ ಮಷಿನ್‌ನ ರಿಲೀಸ್ ಬೇರೆಯಾದರೆ ಆ ಫೈಲ್‌ಗಳೊಳಗಿನ ರಿಲೀಸ್ ಹೆಸರು ತಿದ್ದಿ, ಮೊದಲು 'ಆಪ್ಟ್ ಅಪ್‌ಡೇಟ್' ಓಡಿಸಿ, ಆಮೇಲೆ ನಿಮ್ಮ ಚಿಕ್ಕ ಪಟ್ಟಿ ಕೊಡಿ.